ಸಂಪಾದಕರ ಉತ್ತರ: ಬಿಟ್ಟುಹೋದ ಕೆಲಸಗಳ ಲೆಕ್ಕ

ತೀರ್ಥಹಳ್ಳಿ ಸೀಮೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ರುಮ್ಯಾಟಿಕ್ ಜ್ವರದಿಂದ ಕೆಡುವ ಹೃದಯದ ಕವಾಟಗಳ ಬಗ್ಗೆ ಬಂದ ಲೇಖನದಲ್ಲಿ ರೋಗಲಕ್ಷಣಗಳಿಗೇ ಎರಡು ಪುಟ ಕೊಟ್ಟಿದ್ದೀರಿ. ಆಯಾಸ, ಏದುಸಿರು, ಎದೆಬಡಿತ, ಕಾಲುಬಾವು ಯಾರಿಗಿಲ್ಲ? ಇಂಥ ಪಟ್ಟಿ ಓದಿದವರೆಲ್ಲ ತಮಗೂ ಹೃದ್ರೋಗವಿದೆಯೆಂದು ಹೆದರುತ್ತಾರೆ. ನನ್ನ ಮನೆಯವರೇ ಓದಿ ‘ನನಗೂ ಹೀಗೇ ಆಗುತ್ತದಲ್ಲ’ ಎಂದರು. ನಾನು ನಕ್ಕು ಸುಮ್ಮನಾದೆ. ಕೆಲವೇ ನಿಮಿಷಗಳ ಎಕೋ ಪರೀಕ್ಷೆಯಲ್ಲಿ ಕವಾಟವೇ ಪರದೆಯ ಮೇಲೆ ಕಾಣುವ ಈ ಕಾಲದಲ್ಲಿ ಲಕ್ಷಣಗಳನ್ನು ವರ್ಣಿಸುತ್ತ ಕೂರುವುದು ಹಳೆಯ ಅಭ್ಯಾಸ. ‘ಸಂಶಯವಿದ್ದರೆ ಎಕೋ ಮಾಡಿಸಿ’ ಎಂಬ ಒಂದು ಸಾಲು ಸಾಕಿತ್ತು.”

ಮಾನ್ಯರೇ, ತಮ್ಮ ಪತ್ರದ ಕೈಬರಹ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಅದನ್ನು ಒಪ್ಪದಿರಲು ಸಂಕೋಚವಾಗುತ್ತದೆ. ಆದರೂ ಕೇಳುತ್ತೇನೆ: ‘ಸಂಶಯವಿದ್ದರೆ’ ಎನ್ನುತ್ತೀರಿ, ಆ ಸಂಶಯ ಎಲ್ಲಿಂದ ಬರಬೇಕು?

ಮೊದಲು ತಮ್ಮ ಪಕ್ಷಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡುತ್ತೇನೆ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಎಂಬ ವೈದ್ಯರೂ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಸೇರಿ ಹೃದಯದ ಮೇಲೆ ಶ್ರವಣಾತೀತ ತರಂಗಗಳನ್ನು ಹಾಯಿಸಿ ನೋಡಿದಾಗ ಅವರ ಮನಸ್ಸಿನಲ್ಲಿದ್ದದ್ದು ಇದೇ ಕಿರಿದಾದ ಮೈಟ್ರಲ್ ಕವಾಟ, ಎಂದರೆ ಹೃದಯದ ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಬಾಗಿಲು. ಎಕೋ ಪರೀಕ್ಷೆ ಶುರುವಾದದ್ದೇ ಅಲ್ಲಿಂದ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾಂಬೋಡಿಯಾ ಮತ್ತು ಮೊಜಾಂಬಿಕ್‌ನ ಶಾಲಾಮಕ್ಕಳನ್ನು ಸ್ಟೆತಸ್ಕೋಪಿನಿಂದಲೂ ಎಕೋದಿಂದಲೂ ಪರೀಕ್ಷಿಸಿದರು. ಕಿವಿಗೆ ಸಿಕ್ಕದ್ದರ ಸುಮಾರು ಹತ್ತರಷ್ಟು ಪ್ರಕರಣಗಳು ಯಂತ್ರಕ್ಕೆ ಸಿಕ್ಕವು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಯಂತ್ರವೇ ಶಾಲೆಯ ಬಾಗಿಲಿಗೆ ಹೋಗಿತ್ತು ಎಂಬುದನ್ನು ತಾವು ಗಮನಿಸಬೇಕು. ನಮ್ಮಲ್ಲಿ ರೋಗಿಯೇ ಯಂತ್ರದ ಬಾಗಿಲಿಗೆ ಹೋಗಬೇಕು, ಮತ್ತು ಹೋಗಬೇಕೆಂದು ಮನೆಯಲ್ಲಿ ಯಾರಿಗಾದರೂ ಅನಿಸಬೇಕು.

ನನ್ನ ಸೋದರತ್ತೆಯೊಬ್ಬರ ವಿಷಯ ಹೇಳುತ್ತೇನೆ. ಐವತ್ತು ವರ್ಷಕ್ಕೂ ಹಿಂದಿನ ಮಾತು. ನಾನಾಗ ಮಾಧ್ಯಮಿಕ ಶಾಲೆಯ ಹುಡುಗ. ಮದುವೆಯಾಗಿ ಹೋದಾಗ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ತರುತ್ತಿದ್ದವರು ಎರಡು ವರ್ಷ ಕಳೆಯುವುದರೊಳಗೆ ಒಂದು ಕೊಡಕ್ಕೆ ಇಳಿದರು. ಮತ್ತೊಂದು ವರ್ಷಕ್ಕೆ ಬಾವಿಕಟ್ಟೆಯ ಕಡೆ ಹೋಗುವುದನ್ನೇ ಬಿಟ್ಟು, ಕುಳಿತು ಮಾಡುವ ಕೆಲಸಗಳನ್ನು ಆರಿಸಿಕೊಳ್ಳತೊಡಗಿದರು. ಗಂಡನ ಮನೆಯಲ್ಲಿ ಇದಕ್ಕೆ ಮೈಗಳ್ಳತನ ಎಂಬ ಹೆಸರು ಬಂತು. ಏನಾಗಿದೆಯೆಂದು ಕೇಳಿದರೆ ಅವರು ‘ನನಗೇನೂ ಆಗಿಲ್ಲ’ ಎನ್ನುತ್ತಿದ್ದರು, ಮತ್ತು ಅದು ಸುಳ್ಳೇನೂ ಆಗಿರಲಿಲ್ಲ. ಏದುಸಿರು ತರುವ ಕೆಲಸಗಳನ್ನೆಲ್ಲ ಒಂದೊಂದಾಗಿ ಬಿಟ್ಟಿದ್ದವರಿಗೆ ಏದುಸಿರು ಬರುವುದಾದರೂ ಹೇಗೆ? ಪೇಟೆಯ ವೈದ್ಯರೊಬ್ಬರು ಉಬ್ಬಸವೆಂದು ಎರಡು ವರ್ಷ ಮಾತ್ರೆ ನುಂಗಿಸಿದರು.

ಎರಡನೆಯ ಬಸಿರಿಗೆ ಅವರು ತವರಿಗೆ ಬಂದರು. ಮೈಗೆ ಎಣ್ಣೆ ಹಚ್ಚುತ್ತಿದ್ದ ನನ್ನ ಅಜ್ಜಿ ಎಡ ಎದೆಯ ಕೆಳಗೆ ಅಂಗೈ ಇಟ್ಟವರು ಅಲ್ಲೇ ನಿಲ್ಲಿಸಿ, “ಇಲ್ಲೇನೇ ಇದು, ಬೆಕ್ಕು ಗುರುಗುಟ್ಟಿದ ಹಾಗಿದೆ!” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕಿದ್ದೆ. ಏಳನೆಯ ತಿಂಗಳಿಗೆ ಅತ್ತೆಗೆ ಅಂಗಾತ ಮಲಗಲಾಗಲಿಲ್ಲ. ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು, ಕೊನೆಗೆ ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡುವ ಸ್ಥಿತಿ ಬಂತು. ಒಂದು ಮುಂಜಾನೆ ಕೆಮ್ಮಿನ ಜೊತೆ ನಸುಗೆಂಪು ನೊರೆ ಬಂದಾಗ ಬಾಡಿಗೆ ಕಾರು ಮಾಡಿ ನಗರದ ಆಸ್ಪತ್ರೆಗೆ ಒಯ್ದರು. ಅಲ್ಲಿದ್ದ ಹಿರಿಯ ವೈದ್ಯರು ರೋಗಿಯನ್ನು ಬಿಟ್ಟು ಅಜ್ಜಿಯನ್ನು ಕೇಳಿದರಂತೆ: “ಮೊದಲು ಮಾಡುತ್ತಿದ್ದು, ಈಗ ಮಾಡದೆ ಬಿಟ್ಟಿರುವ ಕೆಲಸ ಯಾವುದಮ್ಮ?” ಅಜ್ಜಿ ಕೊಡಗಳ ಲೆಕ್ಕ ಹೇಳಿದರು, ಬೆಕ್ಕಿನ ವಿಷಯವನ್ನೂ ಹೇಳಿದರು. ಆ ವೈದ್ಯರು ನಗಲಿಲ್ಲ. ಅತ್ತೆಯನ್ನು ಎಡಮಗ್ಗುಲಿಗೆ ಹೊರಳಿಸಿ, ಸ್ಟೆತಸ್ಕೋಪ್ ಇಟ್ಟು, ಬಹಳ ಹೊತ್ತು ಆಲಿಸಿದರಂತೆ.

ಅಜ್ಜಿಯ ಮಾತಿನ ಬೆಲೆ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಲೆನೆಕ್ ಎಂಬ ಫ್ರೆಂಚ್ ವೈದ್ಯನ ಬಗ್ಗೆ ಓದುವಾಗ. 1816ರಲ್ಲಿ ಪ್ಯಾರಿಸ್ಸಿನಲ್ಲಿ, ಹೃದ್ರೋಗದ ಲಕ್ಷಣಗಳಿದ್ದ ಒಬ್ಬ ಯುವತಿಯ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚಪಟ್ಟು, ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ ಆಲಿಸಿದವನು ಅವನು; ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. ಕಿರಿದಾದ ಕವಾಟದಲ್ಲಿ ರಕ್ತ ನುಗ್ಗುವಾಗ ಎದೆಯ ಮೇಲಿಟ್ಟ ಕೈಗೆ ತಾಗುವ ನಡುಕಕ್ಕೆ ಅವನು ಕೊಟ್ಟ ಹೋಲಿಕೆ ಬೆಕ್ಕಿನ ಗುರುಗುಟ್ಟುವಿಕೆ. ವೈದ್ಯಶಾಸ್ತ್ರ ಇಂದಿಗೂ ಅದನ್ನು ಬಿಟ್ಟಿಲ್ಲ. ಅಕ್ಷರ ಬಾರದ ನನ್ನ ಅಜ್ಜಿ ಅದೇ ಹೋಲಿಕೆಗೆ ಎಣ್ಣೆ ಸವರಿದ ಅಂಗೈಯಿಂದ ತಲುಪಿದ್ದರು, ಮತ್ತು ನಾವು ನಕ್ಕಿದ್ದೆವು. ತಾವೂ ಮನೆಯಲ್ಲಿ ನಕ್ಕೆನೆಂದು ಬರೆದಿದ್ದೀರಿ. ಆ ಸಾಲಿಗೆ ಮತ್ತೆ ಬರುತ್ತೇನೆ.

ಈ ರೋಗದ ಜಾಣತನವಿರುವುದು ಸದ್ದಿಲ್ಲದೆ ನಡೆಯುವುದರಲ್ಲಿ. ಐದರಿಂದ ಹದಿನೈದು ವರ್ಷದ ಮಗುವಿಗೆ ಒಂದು ಬಗೆಯ ಸ್ಟ್ರೆಪ್ಟೊಕಾಕಸ್ ರೋಗಾಣುವಿನಿಂದ ಗಂಟಲುನೋವು ಬರುತ್ತದೆ, ಹೋಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಕೆಲವು ಮಕ್ಕಳಲ್ಲಿ, ಆ ರೋಗಾಣುವಿನ ವಿರುದ್ಧ ಎದ್ದ ದೇಹದ ರಕ್ಷಣಾಶಕ್ತಿ ದಾರಿ ತಪ್ಪಿ ತನ್ನದೇ ಕೀಲುಗಳ ಮೇಲೂ ಹೃದಯದ ಮೇಲೂ ತಿರುಗಿಬೀಳುತ್ತದೆ. ಇದೇ ರುಮ್ಯಾಟಿಕ್ ಜ್ವರ. ಇಂದು ಮಂಡಿ ಊದಿದರೆ ಎರಡು ದಿನ ಬಿಟ್ಟು ಅದು ಇಳಿದು ಹರಡು ಊದುತ್ತದೆ, ಆಮೇಲೆ ಮೊಣಕೈ. ಬೆಳೆಯುವ ಮಕ್ಕಳ ಕಾಲುನೋವು ಎಂದುಕೊಂಡು ಎಣ್ಣೆ ತಿಕ್ಕುತ್ತಾರೆ. ಊತ ಗುರುತೂ ಉಳಿಯದಂತೆ ಮಾಯವಾಗುತ್ತದೆ. ಫ್ರಾನ್ಸಿನ ವೈದ್ಯ ಲಾಸೆಗ್ ಹೇಳಿದ ಮಾತಿದೆ: ಈ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ. ಕಚ್ಚಿದ ಗಾಯ ಮಾಯುವಾಗ ಕವಾಟದ ದಳಗಳು ದಪ್ಪವಾಗಿ ಅಂಚಿಗೆ ಅಂಚು ಅಂಟಿಕೊಳ್ಳುತ್ತವೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ತೆರೆಯಬೇಕಾದ ಮೈಟ್ರಲ್ ಕವಾಟ ವರ್ಷಗಳು ಉರುಳಿದಂತೆ ಒಂದೂವರೆಗೆ, ಒಂದಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಬಾಲ್ಯದ ಜ್ವರ ಮನೆಯಲ್ಲಿ ಯಾರ ನೆನಪಿನಲ್ಲೂ ಇರುವುದಿಲ್ಲ.

ತಾವು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದವರು, ಆದ್ದರಿಂದ ಇದೊಂದನ್ನು ತಮಗೇ ವಿಶೇಷವಾಗಿ ಹೇಳಬೇಕು. ಚೆನ್ನಾಗಿ ಬರೆಯುತ್ತಿದ್ದ ಹುಡುಗಿಯ ಅಕ್ಷರ ಇದ್ದಕ್ಕಿದ್ದಂತೆ ಕಾಗೆಕಾಲಾಗುವುದು, ಕೈಯಲ್ಲಿದ್ದ ಲೋಟ ಜಾರುವುದು, ಮುಖ ತಾನೇ ಸೊಟ್ಟಗಾಗಿ ಭುಜ ಕುಣಿಯುವುದು, ಕಾರಣವಿಲ್ಲದೆ ಅಳು ಬರುವುದು, ಇವೂ ಈ ಜ್ವರದ್ದೇ ಚಿಹ್ನೆಗಳಾಗಿರಬಹುದು. 1686ರಲ್ಲಿ ಇಂಗ್ಲೆಂಡಿನ ವೈದ್ಯ ಸಿಡನ್‌ಹ್ಯಾಮ್ ಈ ಕುಣಿತವನ್ನು ವರ್ಣಿಸಿದ. ಅದಕ್ಕೆ ಅವನ ಹೆಸರೇ ನಿಂತಿದೆ. ನಮ್ಮಲ್ಲಿ ಅಂಥ ಮಕ್ಕಳಿಗೆ ಮನೆಯಲ್ಲಿ ತಾಯಿತವೂ ಶಾಲೆಯಲ್ಲಿ ಬೆತ್ತವೂ ಸಿಕ್ಕಿದ್ದೇ ಹೆಚ್ಚು. ತಮ್ಮ ಬೆತ್ತ ಹಾಗೆ ಬೀಸಿರಲಾರದೆಂದು ನಂಬುತ್ತೇನೆ. ಆದರೆ ಆ ಮಗುವನ್ನು ಎಕೋಗೆ ಕಳಿಸಬೇಕೆಂಬ ಸಂಶಯ, ಲಕ್ಷಣವನ್ನು ಬಲ್ಲ ಮೇಷ್ಟ್ರಿಗಲ್ಲದೆ ಇನ್ನಾರಿಗೆ ಬರಬೇಕಿತ್ತು?

ಏದುಸಿರು ಯಾರಿಗಿಲ್ಲ ಎಂಬ ತಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ಏದುಸಿರಿಗೂ ಒಂದು ಚರಿತ್ರೆಯಿರುತ್ತದೆ. ಕವಾಟ ಕಿರಿದಾದ್ದರಿಂದ ಎಡ ಹೃತ್ಕರ್ಣದಿಂದ, ಎಂದರೆ ಹೃದಯದ ಎಡಭಾಗದ ಮೇಲಿನ ಕೋಣೆಯಿಂದ, ಕೆಳಗಿಳಿಯಲಾರದ ರಕ್ತ ಶ್ವಾಸಕೋಶದಲ್ಲಿ ಮಡುಗಟ್ಟುವುದೇ ಅದರ ಮೂಲ. ಆದ್ದರಿಂದ ಅದು ಮೊದಲು ಏರುದಾರಿಯಲ್ಲಿ ಬರುತ್ತದೆ, ಆಮೇಲೆ ಸಮದಾರಿಯಲ್ಲಿ, ಆಮೇಲೆ ಮಲಗಿದರೆ ಬಂದು ಎದ್ದು ಕುಳಿತರೆ ಇಳಿಯುತ್ತದೆ. ನಡುರಾತ್ರಿ ಉಸಿರುಕಟ್ಟಿ ಎದ್ದು ಕಿಟಕಿಯ ಬಳಿ ಹೋಗಿ ನಿಲ್ಲುವವರಿದ್ದಾರೆ. ಹಿಗ್ಗಿದ ಹೃತ್ಕರ್ಣದ ಲಯ ತಪ್ಪಿದಾಗ ಎದೆ ತಾಳವಿಲ್ಲದೆ ಹೊಡೆದುಕೊಳ್ಳುತ್ತದೆ. ಒಳಗೆ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ, ಮೂವತ್ತರ ಹೆಂಗಸಿಗೆ ಒಂದು ಪಾರ್ಶ್ವ ಬಿದ್ದುಹೋಗುತ್ತದೆ, ಮತ್ತು ರೋಗದ ಮೊದಲ ಸುದ್ದಿ ಅದೇ ಆಗಿರುವುದೂ ಉಂಟು. ಕಾಲುಬಾವು, ಹೊಟ್ಟೆಯ ಬಲಪಕ್ಕೆಯ ಭಾರ, ಕತ್ತಿನ ನರ ಉಬ್ಬುವುದು ಕೊನೆಕೊನೆಯ ಲಕ್ಷಣಗಳು. ಬಸಿರಿಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಏರುವುದರಿಂದ, ಅಲ್ಲಿಯವರೆಗೆ ಹೇಗೋ ಸಾಗುತ್ತಿದ್ದ ಕಿರಿದಾದ ಕವಾಟ ಆಗ ಕೈಚೆಲ್ಲುತ್ತದೆ. ಪಾಶ್ಚಾತ್ಯ ಪುಸ್ತಕಗಳು ಕೆನ್ನೆಯ ನಸುಗೆಂಪನ್ನೂ ಒಂದು ಚಿಹ್ನೆಯೆಂದು ಬರೆಯುತ್ತವೆ; ನಮ್ಮ ಮೈಬಣ್ಣದಲ್ಲಿ ಅದನ್ನು ಹುಡುಕಿದರೆ ಹುಡುಕುತ್ತಲೇ ಇರಬೇಕು.

ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಕವಾಟ ಸೋರಿದಾಗಿನ ಚಿಹ್ನೆಗಳು ಬೇರೆ: ಕತ್ತಿನ ಎರಡೂ ಪಕ್ಕ ನಾಡಿ ಕುಣಿಯುತ್ತದೆ, ಕೆಲವರಲ್ಲಿ ಪ್ರತಿ ಬಡಿತಕ್ಕೂ ತಲೆಯೇ ಅಲುಗುತ್ತದೆ. ಈ ತಲೆದೂಗಿಗೆ ಫ್ರೆಂಚ್ ಕವಿ ಆಲ್ಫ್ರೆಡ್ ದ ಮ್ಯೂಸೆಯ ಹೆಸರಿದೆ. ಅದನ್ನು ಗಮನಿಸಿ ಬರೆದಿಟ್ಟವನು ಅವನ ಅಣ್ಣ, ವೈದ್ಯನಲ್ಲ. ಕವಿಯ ಕಾಯಿಲೆಗೆ ಮೂಲ ಈ ಜ್ವರವೇ ಎಂದು ನಾನು ಹೇಳುತ್ತಿಲ್ಲ. ಎದುರಿಗೆ ಕುಳಿತ ಮನೆಯವರ ಕಣ್ಣಿಗೆ ಏನೆಲ್ಲ ಕಾಣುತ್ತದೆ ಎಂಬುದಷ್ಟೇ ನನ್ನ ಮಾತು.

ಲಕ್ಷಣ ಹಳೆಯ ಅಭ್ಯಾಸವೆಂದಿರಲ್ಲ, ಹೃದಯದ ಸೋಲನ್ನು ಇಂದಿಗೂ ಜಗತ್ತೆಲ್ಲ ಅಳೆಯುವ ನಾಲ್ಕು ದರ್ಜೆಗಳನ್ನು ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ ರೂಪಿಸಿದ್ದು 1928ರಲ್ಲಿ. ಅದರಲ್ಲಿ ಯಂತ್ರವೇ ಇಲ್ಲ. ಯಾವ ಕೆಲಸಕ್ಕೆ ಏದುಸಿರು ಬರುತ್ತದೆ ಎಂಬ ಪ್ರಶ್ನೆಯೊಂದೇ ಅದರ ಅಳತೆಗೋಲು. ರಕ್ತನಾಳದ ಮೂಲಕ ಬಲೂನ್ ತೂರಿಸಿ ಉಬ್ಬಿಸಿ ಅಂಟಿದ ಕವಾಟ ಬಿಡಿಸಬೇಕೇ ಎಂದು ಇಂದು ತೀರ್ಮಾನಿಸುವಾಗ ಎಕೋದ ಅಂಕಿಯ ಪಕ್ಕದಲ್ಲಿ ಈ ಉತ್ತರವನ್ನೂ ಇಟ್ಟು ನೋಡುತ್ತಾರೆ. ನನ್ನ ತಕರಾರು ಇರುವುದು ಆ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವ ರೀತಿಗೆ. ‘ಎರಡು ಮಹಡಿ ಹತ್ತಿದರೆ ಸುಸ್ತಾಗುತ್ತದೆಯೇ’ ಎಂದು ಮಹಡಿಯೇ ಇಲ್ಲದ ಊರಿನವಳನ್ನು ಕೇಳುತ್ತಾರೆ, ಅವಳು ಇಲ್ಲವೆನ್ನುತ್ತಾಳೆ. ಬಾವಿಯ ಹಗ್ಗ, ಒರಳು, ಸೌದೆಯ ಹೊರೆ, ಗದ್ದೆಯ ಬದು, ದೇವಸ್ಥಾನದ ಮೆಟ್ಟಿಲು ಎಂದು ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತು. ನಮ್ಮ ಹೆಂಗಸರ ‘ಸುಸ್ತು’ ಎಂಬ ಒಂದು ಪದದೊಳಗೆ ರಕ್ತಹೀನತೆ, ದುಡಿಮೆ, ದುಃಖ, ಕಿರಿದಾದ ಕವಾಟ ಎಲ್ಲವೂ ಅಡಗಿ ಕುಳಿತಿರುತ್ತವೆ. ಎರಡು ನಿಮಿಷಕ್ಕೊಬ್ಬರನ್ನು ನೋಡುವ ಹೊರರೋಗಿ ವಿಭಾಗದಲ್ಲಿ ಅವಕ್ಕೆಲ್ಲ ಸಿಗುವುದು ಒಂದೇ ಕಬ್ಬಿಣದ ಮಾತ್ರೆ. ಸ್ಟೆತಸ್ಕೋಪ್ ಕೊರಳಿನ ಆಭರಣವಾಗಿದೆ. ರವಿಕೆಯ ಮೇಲೆ, ಸೆರಗಿನ ಮೇಲೆ ಅದನ್ನು ಮುಟ್ಟಿಸಿ ತೆಗೆಯುವ ವೈದ್ಯರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೈಟ್ರಲ್ ಕವಾಟದ ಗುಡುಗುಸದ್ದು ಅಷ್ಟು ಮಂದ್ರದಲ್ಲಿರುತ್ತದೆ, ಎಡಮಗ್ಗುಲಿಗೆ ಹೊರಳಿಸದೆ, ಕೋಣೆ ನಿಶ್ಶಬ್ದವಾಗದೆ ಅದು ಕಿವಿಗೆ ಬೀಳುವುದು ಕಷ್ಟ.

ಗುರುತಿಸಿದ ಮೇಲಾದರೂ ಎಲ್ಲ ಸರಾಗವೇ? ಈ ಜ್ವರ ಮರುಕಳಿಸಿ ಕವಾಟವನ್ನು ಮತ್ತೆ ಕಚ್ಚದಂತೆ ತಡೆಯುವುದು ಮೂರು ವಾರಕ್ಕೊಮ್ಮೆ ಕೊಡುವ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು. ಅದನ್ನು ವರ್ಷಗಟ್ಟಲೆ, ಕವಾಟ ಕೆಟ್ಟವರಲ್ಲಿ ನಲವತ್ತರ ವಯಸ್ಸಿನವರೆಗೂ ಕೊಡಬೇಕಾಗುತ್ತದೆ. ಉಗಾಂಡಾದ ಮಕ್ಕಳಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಕೋದಲ್ಲಷ್ಟೇ ಕಾಣುವ ಆರಂಭದ ರೋಗ ಎರಡು ವರ್ಷಗಳಲ್ಲಿ ಮುಂದುವರಿದದ್ದು ಚುಚ್ಚುಮದ್ದು ಪಡೆದವರ ಪೈಕಿ ಶೇಕಡಾ 0.8ರಲ್ಲಿ, ಪಡೆಯದವರ ಪೈಕಿ ಶೇಕಡಾ 8.2ರಲ್ಲಿ. ಇಷ್ಟು ಅಗ್ಗದ, ಇಷ್ಟು ಹಳೆಯ ಮದ್ದು ಎಷ್ಟೋ ಔಷಧದಂಗಡಿಗಳಲ್ಲಿ ಸಿಗುವುದಿಲ್ಲ. ಲಾಭವಿಲ್ಲದ್ದನ್ನು ತಯಾರಿಸುವವರೂ ಕಡಿಮೆ, ಇಟ್ಟುಕೊಳ್ಳುವವರೂ ಕಡಿಮೆ. ಸಿಕ್ಕರೂ, ಪೆನಿಸಿಲಿನ್ ಒಗ್ಗದಿದ್ದರೆ ಗತಿಯೇನೆಂದು ಹೆದರಿ ಚುಚ್ಚಲೊಪ್ಪದ ವೈದ್ಯರಿದ್ದಾರೆ. ಇದೇ ದೇಶದಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯಥಾನ್ ಅವರ ತಂಡ ಕೃತಕ ಕವಾಟವನ್ನೇ ರೂಪಿಸಿತು. 1990ರಲ್ಲಿ ಅದನ್ನು ಮೊದಲ ಬಾರಿ ರೋಗಿಗೆ ಅಳವಡಿಸಿದರು. ವಲಿಯಥಾನ್ ಆಮೇಲೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದು ಅಲ್ಲಿಯೇ ನೆಲೆಸಿದವರು. ಕವಾಟ ಮಾಡಬಲ್ಲ ನಾಡಿಗೆ, ಕವಾಟ ಕೆಡದಂತೆ ತಡೆಯುವ ಚುಚ್ಚುಮದ್ದನ್ನು ತಾಲ್ಲೂಕಿನ ಅಂಗಡಿಯಲ್ಲಿ ಇಡಲಾಗುವುದಿಲ್ಲವೆಂದರೆ ನಾನು ಏನೆಂದುಕೊಳ್ಳಲಿ?

ಹಾಗೆ ಕೃತಕ ಕವಾಟ ಹಾಕಿಸಿಕೊಂಡವರ ಬಿಡುಗಡೆಯ ಚೀಟಿಯಾದರೂ ಅವರ ಭಾಷೆಯಲ್ಲಿದೆಯೇ? ರಕ್ತ ಹೆಪ್ಪುಗಟ್ಟದಂತೆ ದಿನವೂ ನುಂಗಬೇಕಾದ ವಾರ್ಫರಿನ್ ಮಾತ್ರೆಯ ಪ್ರಮಾಣ, ಆಗಾಗ ಮಾಡಿಸಬೇಕಾದ ರಕ್ತಪರೀಕ್ಷೆ, ಸೊಪ್ಪಿನ ಸಾರನ್ನು ಒಂದು ವಾರ ಹೇರಳವಾಗಿ ಉಂಡು ಮುಂದಿನ ವಾರ ಪೂರ್ತಿ ಬಿಟ್ಟರೆ ಆ ಮಾತ್ರೆಯ ಪರಿಣಾಮದಲ್ಲಿ ಆಗುವ ಏರುಪೇರು, ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಔಷಧದಂಗಡಿಯವನೇ ಓದಲು ತಿಣುಕುವ ಅಕ್ಷರದಲ್ಲಿ. ತಮ್ಮ ಕೈಬರಹದವರನ್ನು ಆಸ್ಪತ್ರೆಗೊಬ್ಬರಂತೆ ನೇಮಿಸಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ.

ನನ್ನ ಅತ್ತೆಯ ಕಥೆಯನ್ನು ನಡುವೆ ಬಿಟ್ಟೆ. ಆಗ ಬಲೂನ್ ಇರಲಿಲ್ಲ. ಜಪಾನಿನ ವೈದ್ಯ ಇನೌ ಅದನ್ನು ತಂದದ್ದು ಎಂಬತ್ತರ ದಶಕದಲ್ಲಿ, ಈಗ ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ಅದು ದಿನನಿತ್ಯದ ಕೆಲಸ. ಅತ್ತೆಗೆ ಎದೆಯ ಪಕ್ಕ ತೆರೆದು, ಬಡಿಯುತ್ತಿರುವ ಹೃದಯದೊಳಗೆ ಬೆರಳು ತೂರಿಸಿ ಅಂಟಿದ ದಳಗಳನ್ನು ಬಿಡಿಸಿದರು. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ಮರುವರ್ಷ ಅವರು ಮತ್ತೆ ಕೊಡ ಹೊತ್ತದ್ದನ್ನು ನಾನೇ ನೋಡಿದ್ದೇನೆ. ಅಜ್ಜಿ ಬೈದು ಇಳಿಸಿದ್ದನ್ನೂ.

ಈಗ ತಾವು ನಕ್ಕ ಸಾಲಿಗೆ ಬರುತ್ತೇನೆ. ತಮ್ಮ ಮನೆಯವರನ್ನು ‘ಏದುಸಿರು ಬರುತ್ತದೆಯೇ’ ಎಂದು ಕೇಳಬೇಡಿ, ಇಲ್ಲವೆಂದಾರು. ಅಟ್ಟ ಹತ್ತುವುದನ್ನು ಯಾವ ವರ್ಷ ಬಿಟ್ಟರು, ಸಂತೆಗೆ ನಡೆದು ಹೋಗುತ್ತಿದ್ದವರು ಆಟೋ ಹಿಡಿಯತೊಡಗಿದ್ದು ಯಾವಾಗ, ರಾತ್ರಿ ಎಷ್ಟು ದಿಂಬು ಬೇಕಾಗುತ್ತದೆ, ಚಿಕ್ಕಂದಿನಲ್ಲಿ ಕೀಲು ಊದಿ ಶಾಲೆ ತಪ್ಪಿತ್ತೇ ಎಂದು ಕೇಳಿ, ಉತ್ತರಗಳನ್ನು ಆ ಚೆಂದದ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ವಯಸ್ಸಿನ ಏದುಸಿರಿಗೆ ಬೇರೆ ಕಾರಣಗಳೂ ಬೇಕಾದಷ್ಟಿವೆ, ಏನೂ ಇರದೆಯೂ ಇರಬಹುದು. ಆ ಹಾಳೆಯನ್ನು ವೈದ್ಯರ ಮುಂದಿಟ್ಟ ಮೇಲೆ, ತಾವು ಹೇಳಿದಂತೆ, ಎಕೋ ಮಾಡಿಸಿ. ಏನು ಕಂಡಿತೆಂದು ನನಗೂ ಒಂದು ಕಾಗದ ಹಾಕಿ.