ಬಾರ್ಟೆಲ್ ಮೊಮ್ಮಕ್ಕಳು ಅಂಗಡಿ ಮಾರಿದ್ದೇಕೆ?

ಮಾನ್ಯರೇ,

ಶಿವಮೊಗ್ಗದಿಂದ ಬರೆದ ನಿಮ್ಮ ಪತ್ರ ತಲುಪಿತು. ಅಮೆರಿಕದ ಸಿಯಾಟಲ್ ಬಳಿಯ ಮಗಳ ಮನೆಗೆ ಎರಡನೆಯ ಸಲ ಹೋದಾಗ, ಹಿಂದೆ ಸಂಜೆ ನಡೆದು ಹೋಗಿ ಚಾಕೊಲೇಟ್ ಕೊಳ್ಳುತ್ತಿದ್ದ ಬಾರ್ಟೆಲ್ ಔಷಧದಂಗಡಿ ಬಾಗಿಲು ಹಾಕಿತ್ತು ಎಂದಿದ್ದೀರಿ. ನಿಮ್ಮ ಬೇಸರ ನನ್ನದೂ ಹೌದು. ಆದರೆ "ಅಜ್ಜ ಕಟ್ಟಿದ್ದನ್ನು ಮೊಮ್ಮಕ್ಕಳು ಮಾರಿ ತಿನ್ನುತ್ತಾರೆ" ಎಂಬ ನಿಮ್ಮ ತೀರ್ಮಾನವನ್ನು ಒಪ್ಪಲಾರೆ. ಈ ಕುಟುಂಬದ ಮಟ್ಟಿಗೆ ಅದು ಅನ್ಯಾಯದ ಮಾತು.

ಕ್ಯಾನ್ಸಸ್ ಕಡೆಯಿಂದ ಬಂದ ಜಾರ್ಜ್ ಬಾರ್ಟೆಲ್ 1890ರಲ್ಲಿ ಸಿಯಾಟಲ್‌ನ ಜಾಕ್ಸನ್ ಬೀದಿಯ ಪುಟ್ಟ ಅಂಗಡಿಯೊಂದನ್ನು ಕೊಂಡರು. ಹಿಂದಿನ ವರ್ಷವಷ್ಟೇ ಆ ನಗರದ ಪೇಟೆಯೆಲ್ಲ ಬೆಂಕಿಗೆ ಆಹುತಿಯಾಗಿತ್ತು. 1897ರಲ್ಲಿ ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕ ಸುದ್ದಿ ಬಂದಾಗ ಅವರೂ ಅಂಗಡಿ ಬಿಟ್ಟು ಉತ್ತರಕ್ಕೆ ಹೊರಟರು. ಮರುವರ್ಷ ಮರಳಿ, ಪೇಟೆಯ ನಡುವೆ ಎರಡನೆಯ ಅಂಗಡಿ ತೆರೆದರು. ಮುಂದೆ ಔಷಧದ ಜೊತೆಗೆ ಸೋಡಾ, ಐಸ್‌ಕ್ರೀಮ್ ಕೌಂಟರುಗಳೂ ಬಂದವು. 1939ರಲ್ಲಿ ಮಗ ಆಡಳಿತ ವಹಿಸಿಕೊಂಡರು, ಆಮೇಲೆ ಮೊಮ್ಮಕ್ಕಳಾದ ಜಾರ್ಜ್ ಡಿ. ಬಾರ್ಟೆಲ್ ಮತ್ತು ಜೀನ್ ಬಾರ್ಟೆಲ್ ಬಾರ್ಬರ್. ಷೇರುಪೇಟೆಯ ಹಂಗಿಲ್ಲದೆ, ಸಿಯಾಟಲ್ ಸೀಮೆ ಬಿಟ್ಟು ದೂರ ಹೋಗದೆ, 67 ಅಂಗಡಿಗಳವರೆಗೆ ಬೆಳೆಸಿದ ಮೊಮ್ಮಕ್ಕಳು ಇವರು. ತಾಳ್ಮೆ ಇಲ್ಲದವರು ಎಂದು ಹೇಗೆ ಹೇಳುವುದು?

ಹಾಗಾದರೆ 2020ರಲ್ಲಿ 9.5 ಕೋಟಿ ಡಾಲರಿಗೆ ರೈಟ್ ಏಡ್ ಎಂಬ ದೊಡ್ಡ ಔಷಧದಂಗಡಿ ಕಂಪನಿಗೆ ಮಾರಿದ್ದೇಕೆ? ಕೋವಿಡ್ ಕಾಲದ ನಷ್ಟ, ಸಿಯಾಟಲ್‌ನಲ್ಲಿ ಅಂಗಡಿ ನಡೆಸುವ ದುಬಾರಿ ಖರ್ಚು ಎರಡೂ ಇದ್ದವು. ಆದರೆ ಬೇರಿಗೆ ಕೈಹಾಕಿದ್ದು ಇನ್ನೊಂದು.

ನಮ್ಮಲ್ಲಿ ಗುಳಿಗೆಯ ಪಟ್ಟಿಯ ಮೇಲೆಯೇ ಗರಿಷ್ಠ ಬೆಲೆ ಅಚ್ಚಾಗಿರುತ್ತದೆ, ತನಗೆಷ್ಟು ಉಳಿಯುತ್ತದೆಂಬುದು ಅಂಗಡಿಯವನಿಗೆ ಗೊತ್ತು. ಅಲ್ಲಿ ಹಾಗಲ್ಲ. ಗಿರಾಕಿ ವಿಮಾ ಕಾರ್ಡು ಕೊಡುತ್ತಾರೆ, ಫಾರ್ಮಸಿಸ್ಟ್ ಆ ಸಂಖ್ಯೆಯನ್ನು ಕಂಪ್ಯೂಟರಿಗೆ ಊಡುತ್ತಾರೆ. ಕೆಲವೇ ಕ್ಷಣಗಳಲ್ಲಿ ಪರದೆಯ ಮೇಲೆ ಉತ್ತರ: ಗಿರಾಕಿ ಕೊಡಬೇಕಾದದ್ದು ಇಷ್ಟು, ಅಂಗಡಿಗೆ ಸಲ್ಲುವುದು ಇಷ್ಟು. ಎರಡನೆಯ ಅಂಕಿ ಕೆಲವೊಮ್ಮೆ ಆ ಔಷಧ ಕೊಂಡ ಬೆಲೆಗಿಂತಲೂ ಕಡಿಮೆ. ಮುಂದೆ ಗಿರಾಕಿ ನಿಂತಿದ್ದಾರೆ, ಚೌಕಾಸಿಗೆ ಎಡೆಯಿಲ್ಲ. ಹಿರಿಯರ ಸರ್ಕಾರಿ ವಿಮೆಯಡಿ ಮಾರಿದ ಔಷಧಕ್ಕೆ ಕೊಟ್ಟ ಹಣದಲ್ಲಿ ಒಂದು ಪಾಲನ್ನು ತಿಂಗಳುಗಳ ನಂತರ ವಾಪಸು ಕಿತ್ತುಕೊಳ್ಳುವ ಪದ್ಧತಿಯೂ ಆಗ ಇತ್ತು. ದಿನವಿಡೀ ಸಾಲು ನಿಂತಿದ್ದರೂ ರಾತ್ರಿ ಲೆಕ್ಕ ಕೂಡಿದಾಗ ನಷ್ಟ! ಅಂಥ ಅಂಗಡಿಯನ್ನು ಎಷ್ಟು ವರ್ಷ ನಡೆಸಲಾದೀತು?

ಆ ಅಂಕಿಯನ್ನು ನಿರ್ಧರಿಸುವವರು ವಿಮೆಗೂ ಅಂಗಡಿಗೂ ನಡುವೆ ಕುಳಿತಿರುವ ಮಧ್ಯವರ್ತಿ ಸಂಸ್ಥೆಗಳು. ದೇಶದ ಸುಮಾರು ಶೇ. 80ರಷ್ಟು ಔಷಧ ಚೀಟಿಗಳು ಮೂರೇ ಸಂಸ್ಥೆಗಳ ಕೈಯಲ್ಲಿ ಹಾದುಹೋಗುತ್ತವೆ. ಅವುಗಳಲ್ಲಿ ಒಂದಾದ ಕೇರ್‌ಮಾರ್ಕ್‌ನ ಒಡೆತನ ಸಿವಿಎಸ್‌ನದು. ಸಿವಿಎಸ್ ತಾನೇ ಸಾವಿರಾರು ಔಷಧದಂಗಡಿಗಳನ್ನು ನಡೆಸುತ್ತದೆ. ಎದುರು ಅಂಗಡಿಯವನೇ ನಿಮ್ಮ ಗಳಿಕೆ ಎಷ್ಟಿರಬೇಕೆಂದು ಬರೆಯುವ ಈ ವ್ಯವಸ್ಥೆ ನನಗೆ ತೀರಾ ಅಸಹ್ಯ ಅನ್ನಿಸುತ್ತದೆ.

ಕೊಂಡ ರೈಟ್ ಏಡ್‌ನ ಮೂಲವೂ ಕುಟುಂಬದ್ದೇ. ಅಲೆಕ್ಸ್ ಗ್ರಾಸ್ 1962ರಲ್ಲಿ ಪೆನ್ಸಿಲ್ವೇನಿಯದ ಸ್ಕ್ರ್ಯಾಂಟನ್‌ನಲ್ಲಿ ತೆರೆದ ಒಂದು ಅಂಗಡಿಯಿಂದ ಅದು ಬೆಳೆದದ್ದು. ಆದರೆ ಬಾರ್ಟೆಲ್ ಅದರ ಕೈಸೇರುವ ಹೊತ್ತಿಗೆ ಅದು ಸಾಲದಲ್ಲಿ ಮುಳುಗಿತ್ತು. ಅಫೀಮು ಜಾತಿಯ ನೋವುನಿವಾರಕಗಳ ಮೊಕದ್ದಮೆಗಳೂ ಹೆಗಲೇರಿದವು. 2023ರ ಅಕ್ಟೋಬರ್‌ನಲ್ಲಿ ಒಮ್ಮೆ, 2025ರ ಮೇ ತಿಂಗಳಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ. 2025ರ ಅಕ್ಟೋಬರ್‌ಗೆ ಕೊನೆಯ ಅಂಗಡಿಗಳೂ ಮುಚ್ಚಿದವು. ಬಾರ್ಟೆಲ್‌ನ ಕೆಲವು ಮಳಿಗೆಗಳು ಸಿವಿಎಸ್ ಪಾಲಾದವು.

ಮಗಳ ಔಷಧದ ದಾಖಲೆ ಎಲ್ಲಿ ಹೋಯಿತೆಂದು ಕೊನೆಯಲ್ಲಿ ಕೇಳಿದ್ದೀರಿ. ಅಲ್ಲಿ ಅಂಗಡಿ ಮುಚ್ಚಿದಾಗ ಚೀಟಿಗಳ ಕಡತವನ್ನೂ ಇನ್ನೊಂದು ಅಂಗಡಿಗೆ ಮಾರುತ್ತಾರೆ. ಇಲ್ಲಿ ಕೊಂಡವರಲ್ಲಿ ಸಿವಿಎಸ್ ಮುಖ್ಯ. ಬೇಡವೆನಿಸಿದರೆ, ಮನೆ ಹತ್ತಿರದ ಸ್ವತಂತ್ರ ಫಾರ್ಮಸಿಗೆ ಹೋಗಿ, ಔಷಧ ಚೀಟಿಗಳನ್ನು ಸಿವಿಎಸ್‌ನಿಂದ ತರಿಸಿಕೊಳ್ಳುವಂತೆ ಮಗಳು ಕೇಳಬಹುದು. ಮುಂದಿನದನ್ನು ಅವರೇ ನೋಡಿಕೊಳ್ಳುತ್ತಾರೆ.

— ಸಂಪಾದಕ