ಕೆಲಸದ ಜಾಗದ ದೂರು: ಮಾನಸಿಕ ಹಾನಿಯನ್ನು ಸಾಬೀತು ಮಾಡುವುದು ಹೇಗೆ?

ಮೇಲಧಿಕಾರಿಯ ಕಿರುಕುಳದ ಬಗ್ಗೆ ಕೊಟ್ಟ ದೂರನ್ನು ಸರಿಯಾಗಿ ತನಿಖೆ ಮಾಡದೆ ಮುಚ್ಚಿಹಾಕಿದರು, ನನ್ನ ನೋವನ್ನು ನಾನೇ ಹೇಳಿಕೊಂಡರೆ ಪರಿಹಾರಕ್ಕೆ ಸಾಲದಾ ಅಂತ ಕೇಳಿದ್ದೀರಿ. ಸಾಲದು. ನೀವು ವಿಶ್ವಸಂಸ್ಥೆಯ ವ್ಯವಸ್ಥೆಯೊಳಗೆ ಇದ್ದೀರಿ ಅಂದುಕೊಂಡು ಹೇಳುತ್ತೇನೆ. ಇಂಥ ದೂರುಗಳ ಕಾಗದಪತ್ರ ಜೋಡಿಸಲು ಸಹೋದ್ಯೋಗಿಗಳಿಗೆ ನೆರವಾಗುತ್ತಾ ಬಂದಿದ್ದೇನೆ.

ಅಲ್ಲಿನ ಈಗಿನ ಟ್ರಿಬ್ಯುನಲ್‌ಗಳು, ಅಂದರೆ ನೌಕರರ ತಕರಾರು ಕೇಳುವ ನ್ಯಾಯಮಂಡಳಿಗಳು, ಶುರುವಾಗಿದ್ದು 2009ರಲ್ಲಿ. ಮೊದಮೊದಲು, ಹಕ್ಕಿಗೆ ಬಿದ್ದ ಪೆಟ್ಟು ತೀರಾ ದೊಡ್ಡದಾಗಿದ್ದರೆ ಅದನ್ನೇ ಹಾನಿ ಅಂತ ಒಪ್ಪಿ ಪರಿಹಾರ ಕೊಟ್ಟಿದ್ದುಂಟು. 2014ರ ಕೊನೆಯಲ್ಲಿ ಸಾಮಾನ್ಯ ಸಭೆ ನಿಯಮ ತಿದ್ದಿತು. ಹಾನಿಗೆ ಸಾಕ್ಷ್ಯ ಬೇಕೇ ಬೇಕು ಅಂದಿತು. 2017ರಲ್ಲಿ ಮೇಲ್ಮನವಿ ಟ್ರಿಬ್ಯುನಲ್ ಇನ್ನೂ ಬಿಡಿಸಿ ಹೇಳಿತು: ನೌಕರರ ಹೇಳಿಕೆ ಒಂದೇ ಇದ್ದರೆ ಸಾಮಾನ್ಯವಾಗಿ ಸಾಲದು, ಅದಕ್ಕೆ ಬೇರೆ ಕಡೆಯಿಂದ ಆಸರೆ ಬೇಕು. ನನಗಿದು ಕಠಿಣ ಅನ್ನಿಸುತ್ತದೆ. ಅವಮಾನ ನುಂಗಿಕೊಂಡು ಯಾರಿಗೂ ಹೇಳದೆ ದುಡಿದವರಿಗೇ ಇದರ ಏಟು ಜಾಸ್ತಿ. ಆದರೆ ನಿಯಮ ಹಾಗಿದೆ.

ತೋರಿಸಬೇಕಾದ್ದು ಮೂರು: ನಿರ್ಧಾರ ಕಾನೂನಿಗೆ ವಿರುದ್ಧವಾಗಿತ್ತು, ಹಾನಿ ಆಗಿದೆ, ಆ ಹಾನಿ ಅದೇ ನಿರ್ಧಾರದಿಂದ ಆಗಿದೆ. ಜನ ಎಡವುವುದು ಮೂರನೆಯದರಲ್ಲಿ. ನೀವು ಪ್ರಶ್ನಿಸುತ್ತಿರುವುದು ದೂರನ್ನು ಮುಚ್ಚಿದ ನಿರ್ಧಾರವನ್ನು, ಅಲ್ವಾ? ಹಾಗಾದರೆ ಕಿರುಕುಳದ ನೋವನ್ನಷ್ಟೇ ಹೇಳಿದರೆ ಕೊಂಡಿ ಸಡಿಲವಾಗುತ್ತದೆ. ದೂರು ಮುಚ್ಚಿದ್ದೇವೆ ಅನ್ನುವ ಪತ್ರ ಕೈಸೇರಿದ ಮೇಲೆ ಏನಾಯಿತು ಅನ್ನುವುದೂ ಬೇಕು.

ಡಾಕ್ಟರ್ ಪತ್ರವನ್ನೇ ನೋಡಿ. 'ಒತ್ತಡವಿದೆ, ವಿಶ್ರಾಂತಿ ಬೇಕು' ಅಂತ ಸುಮ್ನೆ ಎರಡು ಸಾಲು ಇದ್ದರೆ ಕಾರಣ ಏನು ಅಂತ ಗೊತ್ತಾಗುವುದಿಲ್ಲ. ನಿದ್ದೆ ಕೆಟ್ಟಿದ್ದು ಯಾವಾಗಿನಿಂದ, ಮೊದಲ ಸಲ ಹೋದಾಗ ನೀವು ಏನು ಹೇಳಿದ್ದಿರಿ, ಅದಕ್ಕೂ ಮುಂಚೆ ಇಂಥ ತೊಂದರೆ ಇತ್ತಾ, ಯಾವ ಔಷಧಿ ಶುರುವಾಯಿತು, ಇಷ್ಟು ತಾರೀಖಿನ ಸಮೇತ ಇದ್ದರೆ ತೂಕ ಬೇರೆ. ಕೇಸಿಗೋಸ್ಕರ ಈಗ ಬರೆಸಿದ್ದಕ್ಕಿಂತ ಆಗಿನದೇ ಚೀಟಿಗಳನ್ನು ಹುಡುಕಿ ತೆಗೆಯಿರಿ. ವೈದ್ಯರ ಪತ್ರವೇ ಆಗಬೇಕೆಂದಿಲ್ಲ. ಮನೆಯವರು, ಜೊತೆಗೆ ಕೆಲಸ ಮಾಡುವವರು ಕಣ್ಣಾರೆ ಕಂಡದ್ದನ್ನು ಬರೆದುಕೊಡಬಹುದು. 'ತುಂಬಾ ನೊಂದಿದ್ದರು' ಅನ್ನುವುದಕ್ಕಿಂತ 'ದಿನಾ ನಮ್ಮ ಜೊತೆ ಊಟಕ್ಕೆ ಬರುತ್ತಿದ್ದವರು ಆ ಪತ್ರ ಬಂದ ವಾರದಿಂದ ಬಾಗಿಲು ಹಾಕಿಕೊಂಡು ಒಬ್ಬರೇ ಕೂರುತ್ತಿದ್ದರು' ಅನ್ನುವುದು ಮೇಲು.

ಇದನ್ನೆಲ್ಲ ಮೊದಲ ಹಂತದಲ್ಲೇ ಕೊಡಿ. ಅಪೀಲಿನಲ್ಲಿ ಹೊಸ ಸಾಕ್ಷ್ಯವನ್ನು ತೀರಾ ಅಪರೂಪಕ್ಕೆ ಮಾತ್ರ, ಅದೂ ದಾಖಲೆ ರೂಪದಲ್ಲಿ, ತೆಗೆದುಕೊಳ್ಳುತ್ತಾರೆ. ನಿಮಗೆ ಆಗಲೇ ಗೊತ್ತಿದ್ದು ಕೊಡಬಹುದಾಗಿದ್ದ ಕಾಗದಕ್ಕೆ ಅಲ್ಲಿ ಜಾಗವಿಲ್ಲ.

ಪರಿಹಾರದ ಒಟ್ಟು ಮೊತ್ತ ಸಾಮಾನ್ಯವಾಗಿ ಎರಡು ವರ್ಷದ ನಿವ್ವಳ ಮೂಲ ವೇತನ ದಾಟುವುದಿಲ್ಲ. ಸಂಸ್ಥೆಗೆ ಪಾಠ ಕಲಿಸಲು ದಂಡ ಹಾಕಿ ಅಂತ ಕೇಳುವಂತಿಲ್ಲ.

ನಿಮ್ಮದು ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) ಟ್ರಿಬ್ಯುನಲ್‌ಗೆ ಒಳಪಟ್ಟ ಸಂಸ್ಥೆಯಾದರೆ ನಿಯಮ, ಗಡುವು ಬೇರೆ. ಅಂತಿಮ ನಿರ್ಧಾರ ತಿಳಿದ 90 ದಿನದೊಳಗೆ ಹೋಗಬೇಕು. ಹಾನಿ ತೋರಿಸುವ ಹೊರೆ ಅಲ್ಲೂ ನೌಕರರದ್ದೇ.

ವಿಶ್ವಸಂಸ್ಥೆಯಲ್ಲಾದರೆ ನಿರ್ಧಾರ ತಿಳಿದ 60 ದಿನದೊಳಗೆ ಆಡಳಿತದ ಮರುಪರಿಶೀಲನೆ ಕೇಳಬೇಕು. ಸಿಬ್ಬಂದಿಗೆ ಕಾನೂನು ನೆರವು ಕೊಡುವ ಕಚೇರಿಯೊಂದು ಅಲ್ಲೇ ಇದೆ, ಫೀಸು ಇಲ್ಲ. ಇವತ್ತೇ ಅವರಿಗೆ ಬರೆಯಿರಿ. ಪತ್ರ ಯಾವ ತಾರೀಖಿಗೆ ಕೈಸೇರಿತು ಅನ್ನುವುದನ್ನು ಮೊದಲ ಸಾಲಿನಲ್ಲೇ ಹಾಕಿ.