ಅರ್ಥವಾಗದ್ದನ್ನು ನಂಬುವುದು ಹೇಗೆ?

ಪ್ರಶ್ನೆ: ಚಿಕ್ಕಂದಿನಿಂದ ಚರ್ಚಿಗೆ ಹೋಗುತ್ತಿದ್ದೇನೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವುದು ಇನ್ನೂ ತಲೆಗೆ ಹತ್ತಿಲ್ಲ. ಸುಮ್ನೆ ಬಾಯಿಪಾಠ ಒಪ್ಪಿಸುತ್ತಿದ್ದೇನೆ ಅನ್ನಿಸುತ್ತದೆ. ಇದು ನಂಬಿಕೆಯೇ?

ಉತ್ತರ: ಖಂಡಿತ ನಂಬಿಕೆಯೇ. ಮಗ ತಂದೆಗೆ ಸಮಾನನೇ, ಅಲ್ಲವೇ ಎಂದು ಕ್ರಿ.ಶ. 325ರಲ್ಲಿ ಬಿಷಪ್ಪರೇ ನೈಸಿಯಾ ಎಂಬ ಊರಿನಲ್ಲಿ (ಈಗಿನ ಟರ್ಕಿ) ಸೇರಿ ವಾದ ಮಾಡಿದರು. ಹೌದು ಎಂದು ತೀರ್ಮಾನವಾಯಿತು, ಆದರೂ ಜಗಳ ದಶಕಗಟ್ಟಲೆ ನಡೆಯಿತು. ಅವರಿಗೇ ಅಷ್ಟು ಕಷ್ಟವಾಗಿತ್ತು, ಅಲ್ವಾ?

ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ ಓದಿ. ಕಾಯಿಲೆಯ ಮಗನನ್ನು ಕರೆತಂದ ಅಪ್ಪ ‘ನಂಬುತ್ತೇನೆ’ ಎಂದು ಕೂಗುತ್ತಾನೆ. ಅದೇ ಉಸಿರಿನಲ್ಲಿ, ತನ್ನ ಅಪನಂಬಿಕೆ ನೀಗಲು ಸಹಾಯ ಬೇಡುತ್ತಾನೆ. ಯೇಸುಸ್ವಾಮಿ ಅವನನ್ನು ಗದರಲಿಲ್ಲ, ಮಗನನ್ನು ಗುಣಪಡಿಸಿದರು. ಬೈಬಲ್‌ನಲ್ಲಿ ನನಗೆ ಜಾಸ್ತಿ ಹತ್ತಿರವಾದ ಪ್ರಾರ್ಥನೆ ಅದು. ಚರ್ಚಿನಲ್ಲಿ ವಿಶ್ವಾಸ ಪ್ರಮಾಣ (ನಾವು ನಂಬುವುದನ್ನು ಸಾರುವ ಪಾಠ) ಹೇಳುವಾಗ ಅರ್ಥವಾಗದ ಸಾಲು ಬಂದರೆ, ಆ ಅಪ್ಪನ ಪ್ರಾರ್ಥನೆಯನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳಿ.